ಲೊಫೊಟೆನ್‌ನಲ್ಲಿ ಕಾರು ಪ್ರವಾಸ: ಸ್ವೋಲ್ವಾರ್‌ನಿಂದ ರಸ್ತೆ ಮುಗಿಯುವ ಊರಿನವರೆಗೆ

ನಾರ್ವೆಯ ಲೊಫೊಟೆನ್ ದ್ವೀಪಗಳಿಗೆ ಹೋಗಿ ಬಂದ ಬಹಳಷ್ಟು ಜನರ ದೂರು ಒಂದೇ: ದಿನ ಸಾಲಲಿಲ್ಲ. ರಸ್ತೆಯೇನೂ ಉದ್ದವಿಲ್ಲ. ದ್ವೀಪಗಳ ಮುಖ್ಯ ಪಟ್ಟಣ ಸ್ವೋಲ್ವಾರ್‌ನಿಂದ ರಸ್ತೆ ಮುಗಿಯುವ ಓ ಎಂಬ ಹಳ್ಳಿಗೆ ಸುಮಾರು 130 ಕಿಲೋಮೀಟರ್ ಅಷ್ಟೆ. ಎಲ್ಲೂ ನಿಲ್ಲಿಸದಿದ್ದರೆ ಎರಡೂವರೆ ಗಂಟೆಯಲ್ಲಿ ಮುಗಿದೇ ಹೋಗುತ್ತದೆ. ಆದರೆ ನಿಲ್ಲಿಸದೆ ಇರೋಕೆ ಆಗಲ್ಲ. ಒಂದು ಕಡೆ ಕಡಲಿನಿಂದ ನೇರವಾಗಿ ಎದ್ದ ಬೆಟ್ಟ, ಇನ್ನೊಂದು ಕಡೆ ಹಸಿರು ನೀರು, ನಡುವೆ ಕೆಂಪು ಮರದ ಮನೆಗಳು. ಹಾಗಾಗಿ ಇಲ್ಲಿ ಕಿಲೋಮೀಟರ್ ಲೆಕ್ಕದಲ್ಲಿ ದಿನ ಹಂಚಬೇಡಿ. ಎಲ್ಲೆಲ್ಲಿ ನಿಲ್ಲುತ್ತೀರಿ, ಹವೆ ಕೆಟ್ಟರೆ ಎಲ್ಲಿ ಕಾಯುತ್ತೀರಿ ಅನ್ನೋ ಲೆಕ್ಕದಲ್ಲಿ ಹಂಚಿ. ಈ ಮಾರ್ಗದರ್ಶಿ ಪೂರ್ತಿ ಇರೋದು ಆ ಲೆಕ್ಕದ ಮೇಲೆಯೇ. ಕನಿಷ್ಠ ಐದು ರಾತ್ರಿ ಇಟ್ಟುಕೊಳ್ಳಿ. ಒಂದು ವಾರ ಸಿಕ್ಕರೆ ಇನ್ನೂ ಒಳ್ಳೆಯದು.

ಮೊದಲು: ತಿಂಗಳು ಆರಿಸಿಕೊಳ್ಳಿ

ಲೊಫೊಟೆನ್ ಇರುವುದು ನಾರ್ವೆಯ ಉತ್ತರದಲ್ಲಿ, ಆರ್ಕ್ಟಿಕ್ ವೃತ್ತದಿಂದ ಮೇಲೆ, 67ರಿಂದ 68 ಡಿಗ್ರಿ ಅಕ್ಷಾಂಶದಲ್ಲಿ. ಅಷ್ಟು ಮೇಲಿದ್ದರೂ ಚಳಿ ನೀವು ಅಂದುಕೊಂಡಷ್ಟು ಕ್ರೂರವಲ್ಲ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ಈ ದಂಡೆಯನ್ನು ಸವರಿಕೊಂಡೇ ಹೋಗುತ್ತದೆ. ಚಳಿಗಾಲದಲ್ಲೂ ಕಡಲತೀರದ ಸರಾಸರಿ ಉಷ್ಣತೆ ಸೊನ್ನೆಯ ಆಸುಪಾಸು. ನಿಜವಾಗಿ ಕಾಡುವುದು ಗಾಳಿ ಮತ್ತು ಮಳೆ. ಜುಲೈನಲ್ಲೂ 10ರಿಂದ 15 ಡಿಗ್ರಿ ಅಷ್ಟೇ. ಗಾಳಿ ಬೀಸಿದರೆ ಅದೂ ಚಳಿಯೇ.

ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಸೂರ್ಯ ಮುಳುಗುವುದೇ ಇಲ್ಲ. ರಾತ್ರಿ ಊಟ ಮುಗಿಸಿ ಬೆಟ್ಟ ಹತ್ತಬಹುದು, ಅವಸರವೇ ಇರುವುದಿಲ್ಲ. ಆದರೆ ಮಧ್ಯರಾತ್ರಿಯ ಸೂರ್ಯ ಕಾಣಬೇಕಾದರೆ ಉತ್ತರಕ್ಕೆ ಮುಖ ಮಾಡಿದ ತೀರ ಬೇಕು. ಉಟ್ಟಾಕ್ಲೈವ್, ಉನ್‌ಸ್ಟಾಡ್, ಎಗ್ಗುಮ್ ಇದಕ್ಕೆ ಸರಿಯಾದ ಜಾಗಗಳು. ರೈನೆಯಂಥ ದಕ್ಷಿಣ ಬದಿಯ ಹಳ್ಳಿಗಳಲ್ಲಿ ಬೆಟ್ಟ ಅಡ್ಡ ಬರುತ್ತದೆ. ಜುಲೈನಲ್ಲಿ ಜನ ಜಾಸ್ತಿ, ಪಾರ್ಕಿಂಗ್ ಸಿಗುವುದು ಕಷ್ಟ, ಬಾಡಿಗೆ ದುಬಾರಿ.

ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮುಗಿಯುವವರೆಗಿನ ದಿನಗಳು ನನ್ನ ಆಯ್ಕೆ. ರಾತ್ರಿ ಮತ್ತೆ ಕತ್ತಲಾಗುವುದರಿಂದ ಆಕಾಶ ತಿಳಿಯಾಗಿದ್ದರೆ ಉತ್ತರ ಧ್ರುವಪ್ರಭೆ ಕಾಣುವ ಅವಕಾಶ ಇದೆ. ರಸ್ತೆ ಮೇಲೆ ಮಂಜುಗಡ್ಡೆ ಇನ್ನೂ ಬಂದಿರುವುದಿಲ್ಲ. ಬೆಟ್ಟದ ಹುಲ್ಲು ಹಳದಿ, ಕೆಂಪಿಗೆ ತಿರುಗಿರುತ್ತದೆ. ಗುಂಪೂ ಕರಗಿರುತ್ತದೆ. ಮೊದಲ ಸಲ ಹೋಗುವ ನಮ್ಮವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ.

ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಹೋದರೆ ಲೊಫೊಟೆನ್‌ನ ನಿಜವಾದ ಬದುಕು ನೋಡಲು ಸಿಗುತ್ತದೆ. ಇದು ಕಾಡ್ ಮೀನಿನ ಕಾಲ. ಬಾರೆಂಟ್ಸ್ ಸಮುದ್ರದಿಂದ ಮೊಟ್ಟೆಯಿಡಲು ಈ ಮೀನು ಪ್ರತಿ ವರ್ಷ ಇಲ್ಲಿಗೆ ಬರುತ್ತದೆ. ಬಂದರುಗಳೆಲ್ಲ ಎದ್ದು ಕೂತಿರುತ್ತವೆ. ಆದರೆ ಹಿಮದ ರಸ್ತೆಯಲ್ಲಿ ಕಾರು ಓಡಿಸಿ ಅಭ್ಯಾಸ ಇರಬೇಕು. ಡಿಸೆಂಬರ್ ಎರಡನೇ ವಾರದಿಂದ ಜನವರಿ ಮೊದಲ ವಾರದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಆಗ ಕಾರು ಪ್ರವಾಸ ಬೇಡ.

ಕಾಗದ ಪತ್ರ

ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೆ ಷೆಂಗೆನ್ ವೀಸಾ ನಡೆಯುತ್ತದೆ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಬೇಗ ಹಾಕಿದಷ್ಟೂ ನೆಮ್ಮದಿ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ನಿಮ್ಮ ಡ್ರೈವಿಂಗ್ ಲೈಸೆನ್ಸ್ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಆರ್‌ಟಿಒದಲ್ಲೇ ಕೊಡುತ್ತಾರೆ, ಒಂದು ವರ್ಷ ನಡೆಯುತ್ತದೆ. ಕಾರು ಬಾಡಿಗೆಗೆ ಕೊಡುವವರು ಎರಡನ್ನೂ ಕೇಳಬಹುದು. ಕ್ರೆಡಿಟ್ ಕಾರ್ಡ್ ಕಾರು ಓಡಿಸುವವರ ಹೆಸರಿನಲ್ಲೇ ಇರಲಿ. ನಗದು ಹಣದ ಅಗತ್ಯ ಬೀಳುವುದು ಬಹಳ ಕಡಿಮೆ.

ತಲುಪುವ ದಾರಿಗಳು

ಮೂರು ದಾರಿಗಳಿವೆ. ಇಡೀ ಪ್ರವಾಸದ ಆಕಾರ ಇದರ ಮೇಲೆ ನಿಂತಿದೆ.

ಒಂದು, ಓಸ್ಲೋದಿಂದ ವಿಮಾನದಲ್ಲಿ ಈವೆನೆಸ್‌ಗೆ ಹೋಗಿ ಅಲ್ಲಿಂದ ಕಾರು. ಸ್ವೋಲ್ವಾರ್‌ಗೆ ಸುಮಾರು 165 ಕಿಲೋಮೀಟರ್. ದೋಣಿಯೇ ಬೇಡ. 2007ರ ಡಿಸೆಂಬರ್‌ನಲ್ಲಿ ಲೋಫಾಸ್ಟ್ ರಸ್ತೆ ಪೂರ್ತಿಯಾದ ಮೇಲೆ ಸುರಂಗ, ಸೇತುವೆಗಳ ಮೂಲಕವೇ ಮುಖ್ಯ ಭೂಮಿಯಿಂದ ದ್ವೀಪಕ್ಕೆ ಕಾರು ಹೋಗುತ್ತದೆ. ಕಾರುಗಳ ಆಯ್ಕೆ ಜಾಸ್ತಿ ಇರುವುದೂ ಇಲ್ಲೇ.

ಎರಡು, ಬೋಡೋ ಊರಿನಿಂದ ಕಾರನ್ನು ಹಡಗಿಗೆ ಹತ್ತಿಸಿಕೊಂಡು ಮೊಸ್ಕೆನೆಸ್‌ಗೆ. ನೇರ ಹೋದರೆ ಮೂರರಿಂದ ನಾಲ್ಕು ಗಂಟೆ. ಮೊಸ್ಕೆನೆಸ್ ಬಂದರಿನಿಂದ ಓ ಹಳ್ಳಿಗೆ ಕೆಲವೇ ನಿಮಿಷ. ಹಡಗು ಹತ್ತಿರ ಬರುತ್ತಿದ್ದಂತೆ ದ್ವೀಪಗಳ ಬೆಟ್ಟದ ಸಾಲು ಕಡಲಿನಿಂದ ಮೇಲೇಳುವುದನ್ನು ಡೆಕ್ ಮೇಲೆ ನಿಂತು ನೋಡಬೇಕು.

ಮೂರು, ಬೋಡೋದಿಂದ ಚಿಕ್ಕ ವಿಮಾನದಲ್ಲಿ ನೇರ ಸ್ವೋಲ್ವಾರ್ ಅಥವಾ ಲೆಕ್ನೆಸ್‌ಗೆ. ಸಮಯ ಉಳಿಯುತ್ತದೆ, ಆದರೆ ಅಲ್ಲಿ ಬಾಡಿಗೆ ಕಾರು ಕಡಿಮೆ.

ನನ್ನ ಸಲಹೆ: ಈವೆನೆಸ್‌ನಲ್ಲಿ ಕಾರು ತೆಗೆದುಕೊಂಡು ಪೂರ್ವದಿಂದ ಪಶ್ಚಿಮಕ್ಕೆ ಹೋಗಿ. ಬೆಟ್ಟಗಳು ಹೋಗುತ್ತಾ ಹೋಗುತ್ತಾ ಚೂಪಾಗುತ್ತವೆ, ರಸ್ತೆ ಕಡಲಿಗೆ ಹತ್ತಿರವಾಗುತ್ತದೆ. ಪಶ್ಚಿಮದಿಂದ ಶುರು ಮಾಡಿದರೆ ಪೂರ್ವದ ಭಾಗ ಸಪ್ಪೆ ಅನ್ನಿಸುವ ಅಪಾಯ ಇದೆ.

ಕಾರು ಮತ್ತು ರಸ್ತೆ

ಚಿಕ್ಕ ಕಾರು ತೆಗೆದುಕೊಳ್ಳಿ. ದೊಡ್ಡ ಕ್ಯಾಂಪರ್ ವ್ಯಾನ್ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಹಳ್ಳಿಯೊಳಗಿನ ರಸ್ತೆಗಳು ಅದಕ್ಕೆ ಆದದ್ದಲ್ಲ. ಎಲೆಕ್ಟ್ರಿಕ್ ಕಾರು ಸಿಕ್ಕರೆ ಹಿಂಜರಿಯಬೇಡಿ. ಸ್ವೋಲ್ವಾರ್, ಲೆಕ್ನೆಸ್‌ಗಳಲ್ಲಿ ಚಾರ್ಜಿಂಗ್ ಇದೆ. ಚಳಿಯಲ್ಲಿ ಮಾತ್ರ ಬ್ಯಾಟರಿ ಬೇಗ ಇಳಿಯುತ್ತದೆ. ಪೆಟ್ರೋಲ್ ಕಾರಾದರೆ ಲೆಕ್ನೆಸ್‌ನಲ್ಲಿ ಟ್ಯಾಂಕ್ ತುಂಬಿಸಿಕೊಂಡೇ ಪಶ್ಚಿಮಕ್ಕೆ ಇಳಿಯಿರಿ. ಚಳಿಗಾಲದಲ್ಲಾದರೆ ಮೊಳೆ ಟೈರ್ ಇರುವ ಕಾರನ್ನೇ ಕೇಳಿ. ಉತ್ತರ ನಾರ್ವೆಯಲ್ಲಿ ಅಕ್ಟೋಬರ್ 16ರಿಂದ ಏಪ್ರಿಲ್ 30ರವರೆಗೆ ಅದಕ್ಕೆ ಅನುಮತಿ ಇದೆ.

ನಾವು ಎಡಗಡೆ ಓಡಿಸಿ ರೂಢಿಯಾದವರು. ಅಲ್ಲಿ ಬಲಗಡೆ. ಮುಖ್ಯ ರಸ್ತೆಯಲ್ಲಿ ಬೇಗ ಹೊಂದಿಕೊಳ್ಳುತ್ತೀರಿ. ತಪ್ಪಾಗುವುದು ಖಾಲಿ ಪಾರ್ಕಿಂಗ್ ಜಾಗದಿಂದ ಹೊರಬರುವಾಗ, ಫೋಟೋ ತೆಗೆದು ಮತ್ತೆ ಕಾರು ಹತ್ತಿದಾಗ. ಪಕ್ಕದಲ್ಲಿ ಕೂತವರು ಪ್ರತಿ ಸಲ ‘ಬಲಗಡೆ’ ಅಂತ ಬಾಯಿಬಿಟ್ಟು ಹೇಳಲಿ. ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು. ಊರೊಳಗೆ ಸಾಮಾನ್ಯವಾಗಿ 50, ಹೊರಗೆ 80 ಕಿಲೋಮೀಟರ್ ಮಿತಿ. ದಂಡ ತುಂಬಾ ದುಬಾರಿ, ಕ್ಯಾಮೆರಾಗಳೂ ಇವೆ. ಬೋರ್ಡ್ ಇಲ್ಲದ ಕೂಡು ರಸ್ತೆಯಲ್ಲಿ ಬಲಗಡೆಯಿಂದ ಬರುವ ಗಾಡಿಗೆ ದಾರಿ ಬಿಡಬೇಕು. ಕುಡಿದು ಓಡಿಸುವ ಮಾತೇ ಇಲ್ಲ, ಮಿತಿ ರಕ್ತದಲ್ಲಿ 0.02 ಶೇಕಡಾ. ಬೇಸಿಗೆಯಲ್ಲಿ ಕುರಿಗಳು ರಸ್ತೆ ಮೇಲೇ ಮಲಗಿರುತ್ತವೆ, ತಿರುವಿನಲ್ಲಿ ನಿಧಾನ.

ಇನ್ನೊಂದು ವಿಷಯ, ಸ್ವಲ್ಪ ಒತ್ತಿ ಹೇಳಬೇಕಾದದ್ದು. ಕಿರಿದಾದ ರಸ್ತೆಯ ಪಕ್ಕದಲ್ಲಿ ನೀಲಿ ಬೋರ್ಡ್ ಮೇಲೆ ಬಿಳಿಯ ‘ಎಂ’ ಅಕ್ಷರ ಕಾಣುತ್ತದೆ. ಅದು ಎದುರಿನ ಗಾಡಿಗೆ ದಾರಿ ಬಿಡಲು ಅಗಲ ಮಾಡಿದ ಜಾಗ. ಅಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯಬೇಡಿ. ಎದುರಿನಿಂದ ಗಾಡಿ ಬರುವುದು ಕಂಡರೆ ನಿಮ್ಮ ಬದಿಯ ‘ಎಂ’ ಒಳಕ್ಕೆ ಸರಿದು ನಿಲ್ಲಿ. ಜಾಗ ಎಡಗಡೆ ಇದ್ದರೆ ಅದರ ಎದುರಿಗೆ ನಿಮ್ಮ ಬದಿಯಲ್ಲೇ ನಿಂತು, ಅವರು ಒಳಗೆ ಸರಿದು ಹೋಗಲು ಬಿಡಿ. ಹಾದುಹೋಗುವಾಗ ಕೈ ಎತ್ತುತ್ತಾರೆ, ನೀವೂ ಎತ್ತಿ. ಹಿಂದೆ ಸ್ಥಳೀಯರ ಕಾರು ಸಾಲು ಕಟ್ಟಿದರೂ ಇದೇ ಕ್ರಮ: ಬದಿಗೆ ಸರಿದು ಮುಂದೆ ಬಿಡಿ. ಇದೊಂದೇ ರಸ್ತೆ. ಶಾಲೆಯ ಬಸ್ಸು, ಮೀನಿನ ಲಾರಿ, ಆಂಬುಲೆನ್ಸ್ ಎಲ್ಲ ಇದರಲ್ಲೇ ಹೋಗಬೇಕು.

ಉಳಿಯುವುದು, ಉಣ್ಣುವುದು

ದಿನಕ್ಕೊಂದು ಊರು ಬದಲಿಸಬೇಡಿ. ಎರಡು ನೆಲೆ ಸಾಕು. ಮೊದಲ ಎರಡು ರಾತ್ರಿ ಸ್ವೋಲ್ವಾರ್ ಅಥವಾ ಹೆನ್ನಿಂಗ್ಸ್‌ವಾರ್ ಹತ್ತಿರ, ಮುಂದಿನ ಮೂರು ರಾತ್ರಿ ರೈನೆ, ಹಾಮ್ನೋಯ್ ಕಡೆ. ವಾರ ಇದ್ದರೆ ನಡುವೆ ಲೆಕ್ನೆಸ್ ಸುತ್ತಮುತ್ತ ಇನ್ನೆರಡು. ಒಂದೇ ಕಡೆ ಮೂರು ರಾತ್ರಿ ಇದ್ದರೆ ಒಂದು ದಿನ ಮಳೆಗೆ ಹೋದರೂ ಎರಡು ಉಳಿಯುತ್ತವೆ.

ಒಂದು ಕಡೆಯಾದರೂ ರೋರ್ಬುನಲ್ಲಿ ಉಳಿಯಿರಿ. ನೀರಿನ ಮೇಲೆ ಮರದ ಕಂಬ ನಿಲ್ಲಿಸಿ ಕಟ್ಟಿದ ಕೆಂಪು ಗುಡಿಸಲುಗಳಿವು. ದೂರದಿಂದ ಹುಟ್ಟುಹಾಕಿಕೊಂಡು ಬರುತ್ತಿದ್ದ ಮೀನುಗಾರರು ದೋಣಿಯೊಳಗೆ, ಮಗುಚಿ ಹಾಕಿದ ದೋಣಿಯಡಿ ಮಲಗುತ್ತಿದ್ದರು. ಸುಮಾರು 1120ರಲ್ಲಿ ರಾಜ ಓಯ್‌ಸ್ಟೈನ್ ಈ ಮೀನುಗಾರರಿಗಾಗಿ ಈಗಿನ ಕಾಬೆಲ್‌ವೋಗ್ ಬಳಿ ಮನೆ ಕಟ್ಟಿಸಿದ. ಈಗ ಇವುಗಳಲ್ಲಿ ಬೆಚ್ಚನೆಯ ಹಾಸಿಗೆ, ಅಡುಗೆಮನೆ ಎಲ್ಲ ಇದೆ. ಬೇಸಿಗೆಗೆ ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತವೆ.

ಅಡುಗೆಮನೆ ಇರುವುದು ಸಸ್ಯಾಹಾರಿಗಳಿಗೆ ದೊಡ್ಡ ಅನುಕೂಲ. ಹಳ್ಳಿ ಹೋಟೆಲುಗಳಲ್ಲಿ ಮೀನೇ ಮುಖ್ಯ, ಬೆಲೆಯೂ ಜಾಸ್ತಿ. ಅಕ್ಕಿ, ತರಕಾರಿ, ಮೊಸರು ಸ್ವೋಲ್ವಾರ್, ಲೆಕ್ನೆಸ್‌ನ ಸೂಪರ್‌ಮಾರ್ಕೆಟ್‌ಗಳಲ್ಲಿ ಸಿಗುತ್ತವೆ. ಮನೆಯಿಂದ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಪುಡಿ ಒಯ್ಯಿರಿ. ತುಪ್ಪ, ಹಾಲಿನ ಪದಾರ್ಥ, ಮಾಂಸದ ಪದಾರ್ಥ ಒಯ್ಯಬೇಡಿ. ಯುರೋಪಿನ ಹೊರಗಿನಿಂದ ಅವನ್ನು ತರಲು ನಾರ್ವೆ ಬಿಡುವುದಿಲ್ಲ. ಭಾನುವಾರ ದೊಡ್ಡ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ. ನೀರು ಕೊಳ್ಳಬೇಡಿ, ನಲ್ಲಿ ನೀರೇ ಕುಡಿಯಬಹುದು. ಮೀನು ತಿನ್ನುವವರು ಚಳಿಗಾಲದಲ್ಲಿ ಹೋದರೆ ತಾಜಾ ಕಾಡ್, ಅದರ ಹುರಿದ ನಾಲಿಗೆ ರುಚಿ ನೋಡದೆ ಬರಬೇಡಿ. ನಾಲಿಗೆ ಕತ್ತರಿಸುವ ಕೆಲಸ ಅಲ್ಲಿ ಶಾಲೆಯ ಮಕ್ಕಳದ್ದು, ಅದರ ದುಡ್ಡೂ ಅವರದ್ದೇ.

ಪೂರ್ವ ಭಾಗ: ಸ್ವೋಲ್ವಾರ್‌ನಿಂದ ಹೆನ್ನಿಂಗ್ಸ್‌ವಾರ್

ಈ ದಾರಿಯ ಬೆನ್ನೆಲುಬು ಇ10 ಹೆದ್ದಾರಿ. ಪೂರ್ವದ ರಾಫ್ಟ್‌ಸುಂಡ್ ಜಲಸಂಧಿಯಿಂದ ಓ ವರೆಗೆ, ಪಕ್ಕದ ಕವಲುಗಳನ್ನೂ ಸೇರಿಸಿ, 230 ಕಿಲೋಮೀಟರ್ ರಸ್ತೆಯನ್ನು ನಾರ್ವೆ ಸರ್ಕಾರ ರಾಷ್ಟ್ರೀಯ ಪ್ರವಾಸಿ ರಸ್ತೆ ಎಂದು ಗುರುತಿಸಿದೆ. ಕವಲುಗಳೇ ಮುಖ್ಯ, ಮರೆಯಬೇಡಿ. ಇ10 ಬಿಟ್ಟು ಇಳಿಯದವರು ಅರ್ಧ ಲೊಫೊಟೆನ್ ನೋಡಿರುವುದಿಲ್ಲ.

ಸ್ವೋಲ್ವಾರ್‌ನಲ್ಲಿ ಬಂದರು ನೋಡಿ, ಸಾಮಾನು ತುಂಬಿಸಿಕೊಳ್ಳಿ. ಹವೆ ಚೆನ್ನಾಗಿದ್ದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಿರಿದಾದ ಕಡಲ ಕವಲು ಟ್ರೋಲ್‌ಫ್ಯೋರ್ಡ್‌ಗೆ ದೋಣಿ ಹೋಗುತ್ತದೆ. ಪಕ್ಕದ ಕಾಬೆಲ್‌ವೋಗ್‌ನಲ್ಲಿ 1898ರ ದೊಡ್ಡ ಮರದ ಚರ್ಚ್ ಇದೆ, 1,200 ಜನ ಕೂರಬಹುದು. ಇಷ್ಟು ಚಿಕ್ಕ ಊರಿಗೆ ಯಾಕೆ ಇಷ್ಟು ದೊಡ್ಡದು ಅನ್ನಿಸುತ್ತೆ ಅಲ್ವಾ? ಮೀನಿನ ಕಾಲದಲ್ಲಿ ಬರುತ್ತಿದ್ದ ಸಾವಿರಾರು ಮೀನುಗಾರರ ಲೆಕ್ಕ ಹಾಕಿ ಕಟ್ಟಿದ್ದು.

ಹೆನ್ನಿಂಗ್ಸ್‌ವಾರ್‌ಗೆ ಇ10 ಬಿಟ್ಟು ಎಡಕ್ಕೆ ತಿರುಗಬೇಕು. ಚಿಕ್ಕ ಚಿಕ್ಕ ನಡುಗಡ್ಡೆಗಳ ಮೇಲೆ ಹರಡಿಕೊಂಡ ಮೀನುಗಾರರ ಊರು. 1980ರ ದಶಕದಲ್ಲಿ ಸೇತುವೆ ಬರುವವರೆಗೆ ದೋಣಿಯೇ ಗತಿ. ಬಂಡೆಯ ಮೇಲಿನ ಅದರ ಫುಟ್‌ಬಾಲ್ ಮೈದಾನದ ಫೋಟೋ ಎಲ್ಲರೂ ನೋಡಿರುತ್ತೀರಿ. ಮೈದಾನಕ್ಕಿಂತ ಅದರ ಸುತ್ತ ನಿಂತಿರುವ ಮರದ ಚೌಕಟ್ಟುಗಳನ್ನು ಹತ್ತಿರದಿಂದ ನೋಡಿ. ಅದೇ ಮೀನು ಒಣಗಿಸುವ ಜಾಗ.

ಫೆಬ್ರವರಿಯಿಂದ ಮೇವರೆಗೆ ಈ ಚೌಕಟ್ಟುಗಳು ತುಂಬಿರುತ್ತವೆ. ತಲೆ ತೆಗೆದ ಕಾಡ್ ಮೀನುಗಳನ್ನು ಎರಡೆರಡಾಗಿ ಬಾಲಕ್ಕೆ ಹಗ್ಗ ಕಟ್ಟಿ, ಗಳುವಿನ ಆಚೀಚೆ ನೇತುಹಾಕುತ್ತಾರೆ. ನಮ್ಮ ಮಲ್ಪೆ, ಕಾರವಾರದ ಒಣಮೀನಿಗೆ ಉಪ್ಪು ಬೇಕು, ಬಿಸಿಲು ಬೇಕು. ಇಲ್ಲಿ ಒಂದು ಕಾಳು ಉಪ್ಪೂ ಇಲ್ಲ. ಸೊನ್ನೆ ಡಿಗ್ರಿ ಆಸುಪಾಸಿನ ಚಳಿ ಮತ್ತು ಕಡಲ ಗಾಳಿ, ಅಷ್ಟೇ. ಚಳಿ ಹೆಚ್ಚಾದರೆ ಮಂಜುಗಟ್ಟಿ ಮಾಂಸ ಒಡೆಯುತ್ತದೆ, ಸೆಖೆ ಹೆಚ್ಚಾದರೆ ನೊಣ ಕೂರುತ್ತದೆ. ಎರಡೂ ಆಗದ ಹವೆ ತಿಂಗಳುಗಟ್ಟಲೆ ಇಲ್ಲಿ ಸಿಗುತ್ತದೆ. ಒಣಗಿದ ಮೀನು ಕಟ್ಟಿಗೆಯಷ್ಟು ಗಟ್ಟಿ, ಬೆರಳಿನಿಂದ ತಟ್ಟಿದರೆ ಸದ್ದು ಬರುತ್ತದೆ. ಅನುಭವಸ್ಥರು ಕಣ್ಣಿನಿಂದ ನೋಡಿ, ಮೂಸಿ, ಸುಮಾರು 20 ದರ್ಜೆಗಳಾಗಿ ವಿಂಗಡಿಸುತ್ತಾರೆ. ಒಳ್ಳೆಯ ದರ್ಜೆಯದು ಇಟಲಿಗೆ, ಒಣಗಿದ ತಲೆ ನೈಜೀರಿಯಾಕ್ಕೆ. ನೋಡಿ, ಫೋಟೋ ತೆಗೆಯಿರಿ, ಆದರೆ ನೇತು ಹಾಕಿದ ಮೀನು ಮುಟ್ಟಬೇಡಿ, ಚೌಕಟ್ಟು ಹತ್ತಬೇಡಿ. ಅದು ಯಾರದೋ ವರ್ಷದ ದುಡಿಮೆ.

ನಡುವಿನ ಭಾಗ: ಬೋರ್ಗ್, ಉತ್ತರದ ಬೀಚುಗಳು

ಗಿಮ್ಸೋಯ ದಾಟಿ ವೆಸ್ಟ್‌ವೋಗೋಯ ದ್ವೀಪಕ್ಕೆ ಬರುತ್ತೀರಿ. ಇಲ್ಲಿ ಹೊಲ ಗದ್ದೆ ಜಾಸ್ತಿ, ಬೆಟ್ಟ ದೂರ ಸರಿಯುತ್ತದೆ. ಬೋರ್ಗ್‌ನಲ್ಲಿ 1981ರಲ್ಲಿ ರೈತನೊಬ್ಬ ಉಳುತ್ತಿದ್ದಾಗ ಹಳೆಯ ಅವಶೇಷ ಸಿಕ್ಕಿತು. ಅಗೆದಾಗ 83 ಮೀಟರ್ ಉದ್ದದ ವೈಕಿಂಗ್ ನಾಯಕನ ಮನೆಯ ಗುರುತುಗಳು ಬಂದವು. ಈವರೆಗೆ ಸಿಕ್ಕಿರುವ ವೈಕಿಂಗ್ ಮನೆಗಳಲ್ಲಿ ಇದೇ ದೊಡ್ಡದು. ಹಾಗೇ ಮರುಕಟ್ಟಿ 1995ರಲ್ಲಿ ಮ್ಯೂಸಿಯಂ ತೆರೆದರು. ಮಳೆಯ ದಿನಕ್ಕೆ ಇದನ್ನು ಉಳಿಸಿಕೊಳ್ಳಿ.

ಬೋರ್ಗ್ ಹತ್ತಿರದಿಂದ ಎಗ್ಗುಮ್‌ಗೆ, ಉನ್‌ಸ್ಟಾಡ್‌ಗೆ ಕವಲುಗಳಿವೆ. ಉನ್‌ಸ್ಟಾಡ್‌ನಲ್ಲಿ ಚಳಿಗಾಲದಲ್ಲೂ ದಪ್ಪ ಸೂಟ್ ಹಾಕಿಕೊಂಡು ಸರ್ಫಿಂಗ್ ಮಾಡುತ್ತಾರೆ. ಲೆಕ್ನೆಸ್‌ನಿಂದ ಹೌಕ್‌ಲಾಂಡ್, ಅಲ್ಲಿಂದ ಸುರಂಗದ ಮೂಲಕ ಉಟ್ಟಾಕ್ಲೈವ್. ಬಿಳಿ ಮರಳು, ಹಸಿರು ನೀರು ನೋಡಿ ನೀರಿಗೆ ಇಳಿಯೋಣ ಅನ್ನಿಸುತ್ತದೆ. ಕಾಲು ಅದ್ದಿದರೆ ಗೊತ್ತಾಗುತ್ತದೆ! ಎರಡು ಬೀಚುಗಳ ನಡುವೆ ಬೆಟ್ಟದ ಬುಡದಲ್ಲಿ ಹಳೆಯ ರಸ್ತೆ ಇದೆ, ಅದರಲ್ಲಿ ಈಗ ನಡೆದು ಹೋಗಬಹುದು. ಮಕ್ಕಳು, ವಯಸ್ಸಾದವರು ಜೊತೆಯಲ್ಲಿದ್ದರೆ ಇದಕ್ಕಿಂತ ಒಳ್ಳೆಯ ನಡಿಗೆ ಇಲ್ಲ.

ಪಶ್ಚಿಮ ಭಾಗ: ಸಮಯ ಇಲ್ಲೇ ಕೊಡಿ

ಲೆಕ್ನೆಸ್ ದಾಟಿದ ಮೇಲೆ 1990ರಲ್ಲಿ ತೆರೆದ ನಾಪ್‌ಸ್ಟ್ರೌಮ್ ಸುರಂಗ ಬರುತ್ತದೆ. ಸುಮಾರು 1.8 ಕಿಲೋಮೀಟರ್ ಕಡಲಿನ ತಳದ ಕೆಳಗೇ ಹೋಗುತ್ತೀರಿ. ಆಚೆ ಫ್ಲಾಕ್‌ಸ್ಟಾಡೋಯ ದ್ವೀಪ. ಇಲ್ಲಿ ಎಡಕ್ಕೆ ತಿರುಗಿ ನೂಸ್‌ಫ್ಯೋರ್ಡ್‌ಗೆ ಹೋಗಿ. ಹಳೆಯ ಮೀನುಗಾರರ ಹಳ್ಳಿಯನ್ನು ಇದ್ದ ಹಾಗೇ ಉಳಿಸಿಕೊಂಡಿದ್ದಾರೆ, ಬೇಸಿಗೆಯಲ್ಲಿ ಒಳಗೆ ಹೋಗಲು ಟಿಕೆಟ್ ಇದೆ. ಮುಂದೆ ರಾಮ್‌ಬರ್ಗ್ ಬೀಚು ರಸ್ತೆ ಪಕ್ಕದಲ್ಲೇ.

ಇ10 ಬಿಟ್ಟು ಫ್ರೆಡ್‌ವಾಂಗ್ ಹಳ್ಳಿಗೆ ಹೋಗುವ ಸೇತುವೆಗಳು ಒಂದೇ ಗಾಡಿ ಹೋಗುವಷ್ಟು ಅಗಲ. ಏರುವ ಮೊದಲು ಎದುರಿನವರನ್ನು ನೋಡಿಕೊಳ್ಳಿ. ಆಚೆ 543 ಮೀಟರ್ ಎತ್ತರದ ರ್ಯೂಟೆನ್ ಬೆಟ್ಟ, ಕೆಳಗೆ ಕಾರು ಹೋಗದ ಕ್ವಾಲ್‌ವಿಕಾ ಬೀಚು. ಏರು ಹಿತವಾಗಿದೆ, ಆದರೆ ದಾರಿ ಪೂರ್ತಿ ಕೆಸರು. ನೀರು ಇಳಿಯದ ಬೂಟು ಬೇಕೇ ಬೇಕು. ಒಂದೇ ಬೆಟ್ಟ ಹತ್ತುವಷ್ಟು ಶಕ್ತಿ, ಸಮಯ ಇದ್ದರೆ ನಾನು ಇದನ್ನೇ ಹೇಳುತ್ತೇನೆ.

ಹೆಸರುವಾಸಿಯಾದದ್ದು ರೈನೆಬ್ರಿಂಗೆನ್, 448 ಮೀಟರ್. ಮೊದಲು ಮಣ್ಣು ಕುಸಿದು ಅಪಾಯದ ದಾರಿಯಾಗಿತ್ತು. ನೇಪಾಳದಿಂದ ಬಂದ ಶೆರ್ಪಾಗಳು ಸುಮಾರು 2,000 ಕಲ್ಲಿನ ಮೆಟ್ಟಿಲು ಕಟ್ಟಿದರು. ಒಂದೊಂದು ಕಲ್ಲೂ ಎಷ್ಟು ಗಟ್ಟಿಯಾಗಿ ಕೂತಿದೆ ಅಂತ ಇಳಿಯುವಾಗ ತಿಳಿಯುತ್ತದೆ. ಆದರೂ ಮಳೆ ಬಂದಾಗ, ಹಿಮ ಇದ್ದಾಗ ಹತ್ತಬೇಡಿ. ಚಳಿಗಾಲದಲ್ಲಿ ಹಿಮ ಜಾರುವ ಅಪಾಯ ಇದೆ. ಬೆಳಗ್ಗೆ ಬೇಗ ಅಥವಾ ಬೇಸಿಗೆಯಲ್ಲಿ ರಾತ್ರಿ ಊಟದ ಮೇಲೆ ಹೋಗಿ, ಆಗ ಜನ ಕಡಿಮೆ.

ಹಾಮ್ನೋಯ್, ಸಾಕ್ರಿಸೋಯ್, ರೈನೆ ಮೂರೂ ಒಂದರ ಪಕ್ಕ ಒಂದಿವೆ. ಹಾಮ್ನೋಯ್ ಸೇತುವೆಯ ಮೇಲೆ ನಿಂತು ತೆಗೆದ ಫೋಟೋವೇ ಲೊಫೊಟೆನ್ ಅಂದಾಗ ಎಲ್ಲರಿಗೂ ನೆನಪಾಗುವುದು: ಕಪ್ಪು ಬಂಡೆ, ಮೇಲೆ ಕೆಂಪು ಗುಡಿಸಲು, ಹಿಂದೆ ಗೋಡೆಯಂತೆ ನಿಂತ ಬೆಟ್ಟ. ಕಾರನ್ನು ಪಾರ್ಕಿಂಗ್‌ನಲ್ಲಿಟ್ಟು ನಡೆದು ಬನ್ನಿ. ಸೇತುವೆಯ ಮೇಲೆ ಕಾರು ನಿಲ್ಲಿಸುವಂತಿಲ್ಲ. ಸಾಕ್ರಿಸೋಯ್‌ನ ಮನೆಗಳು ಮಾತ್ರ ಹಳದಿ. ರೈನೆಯಿಂದ ಚಿಕ್ಕ ದೋಣಿ ವಿಂಡ್‌ಸ್ಟಾಡ್‌ಗೆ ಹೋಗುತ್ತದೆ. ರಸ್ತೆಯೇ ಇಲ್ಲದ ಆ ಊರಿನಿಂದ ನಡೆದರೆ ಬೂನೆಸ್ ಬೀಚು. ದೋಣಿಯ ವಾಪಸ್ ಸಮಯ ಬರೆದಿಟ್ಟುಕೊಂಡೇ ಹೊರಡಿ.

ಕೊನೆಗೆ ಓ. ಊರಿನ ಹೆಸರು ಒಂದೇ ಅಕ್ಷರ, ನಕ್ಷೆಯಲ್ಲಿ ಹುಡುಕುವುದು ಕಷ್ಟ. ‘ಮೊಸ್ಕೆನೆಸ್’ ಹಾಕಿ ಮುಂದಕ್ಕೆ ಬನ್ನಿ. ಸುರಂಗ ದಾಟಿದರೆ ದೊಡ್ಡ ಪಾರ್ಕಿಂಗ್, ರಸ್ತೆ ಅಲ್ಲಿಗೆ ಮುಗಿಯಿತು. ಒಳಗೆ ನಡೆದೇ ಹೋಗಬೇಕು. ಒಣಮೀನಿನ ಮ್ಯೂಸಿಯಂ, ಹಳ್ಳಿಯ ಬದುಕಿನ ಮ್ಯೂಸಿಯಂ, 1844ರ ಹಳೆಯ ಬೇಕರಿ ಇವೆ. ಬೇಕರಿಯ ದಾಲ್ಚಿನ್ನಿ ಬನ್ ಮಧ್ಯಾಹ್ನದೊಳಗೆ ಮುಗಿದುಹೋಗಬಹುದು. ಬೇಸಿಗೆ ಬಿಟ್ಟರೆ ಬಹಳಷ್ಟು ಮುಚ್ಚಿರುತ್ತದೆ, ವಿಚಾರಿಸಿಕೊಂಡು ಹೋಗಿ.

ದಿನ ದಿನದ ಲೆಕ್ಕ

ಪ್ರತಿ ಬೆಳಗ್ಗೆ ‘ಯರ್’ ಆಪ್‌ನಲ್ಲಿ ಹವೆ ನೋಡಿ. ನಾರ್ವೆಯ ಹವಾಮಾನ ಇಲಾಖೆಯದು. ಒಂದೊಂದು ಹಳ್ಳಿಗೂ ಬೇರೆ ಬೇರೆ ನೋಡಿ, ಬೆಟ್ಟದ ಈಚೆ ಮಳೆ, ಆಚೆ ಬಿಸಿಲು ಇರುವುದು ಸಾಮಾನ್ಯ. ತಿಳಿ ಹವೆಯ ದಿನ ಬೆಟ್ಟಕ್ಕೆ, ಮೋಡದ ದಿನ ಹಳ್ಳಿಗೆ, ಬಿರುಗಾಳಿಯ ದಿನ ಮ್ಯೂಸಿಯಂಗೆ. ಗಾಳಿ ಜೋರಾದರೆ ಸೇತುವೆಗಳನ್ನೇ ಮುಚ್ಚಬಹುದು, ಹಡಗೂ ನಿಲ್ಲಬಹುದು. ಹಾಗಾಗಿ ವಾಪಸ್ ವಿಮಾನದ ಹಿಂದಿನ ರಾತ್ರಿ ಓ ಹತ್ತಿರ ಉಳಿಯಬೇಡಿ. ಈವೆನೆಸ್‌ಗೆ ಅಲ್ಲಿಂದ ಸುಮಾರು 300 ಕಿಲೋಮೀಟರ್. ಸ್ವೋಲ್ವಾರ್‌ಗೋ, ಇನ್ನೂ ಮುಂದಕ್ಕೋ ಬಂದುಬಿಡಿ; ಮೇಲೆ ಹೇಳಿದ ರಾತ್ರಿಗಳ ಜೊತೆಗೆ ಇದೊಂದು ರಾತ್ರಿ ಸೇರಿಸಿಕೊಳ್ಳಿ.

ಟೆಂಟ್ ಹಾಕುವವರಿಗೆ: ಯಾರೂ ಬೇಸಾಯ ಮಾಡದ ಬಯಲಿನಲ್ಲಿ ಒಂದೆರಡು ರಾತ್ರಿ ತಂಗಲು ನಾರ್ವೆಯ 1957ರ ಕಾನೂನು ಅವಕಾಶ ಕೊಡುತ್ತದೆ. ಮನೆಗಳಿಂದ ಕನಿಷ್ಠ 150 ಮೀಟರ್ ದೂರ ಇರಬೇಕು. ಲೊಫೊಟೆನ್‌ನ ಜನಪ್ರಿಯ ಬೀಚುಗಳಲ್ಲಿ ನಿಷೇಧದ ಬೋರ್ಡುಗಳೂ ಇವೆ, ಅವನ್ನು ಪಾಲಿಸಿ. ಕಾರಿನಲ್ಲಿ ಮಲಗುವುದು ಈ ಹಕ್ಕಿನೊಳಗೆ ಬರುವುದಿಲ್ಲ, ಅದಕ್ಕೆ ಕ್ಯಾಂಪಿಂಗ್ ಜಾಗಗಳಿವೆ. ಪಾರ್ಕಿಂಗ್‌ಗೆ ಸಣ್ಣ ಶುಲ್ಕ ಕೇಳಿದರೆ ಕೊಡಿ, ಬಹಳ ಕಡೆ ಶೌಚಾಲಯ, ಕಾಲುದಾರಿ ನಡೆಯುವುದು ಆ ದುಡ್ಡಿನಿಂದಲೇ.

ಫೋನಿನಲ್ಲಿ ಬರೆದಿಟ್ಟುಕೊಳ್ಳಬೇಕಾದ ನಂಬರುಗಳು: ಬೆಂಕಿಗೆ 110, ಪೊಲೀಸ್ 112, ಆಂಬುಲೆನ್ಸ್ 113. ರಸ್ತೆ ಮುಚ್ಚಿದೆಯಾ ತೆರೆದಿದೆಯಾ ಅಂತ ಕೇಳಲು 175.